ಶಾಯಿ ಹಾಕದೆ ಉಳಿದ ಎರಡು ಪುಟ

ಬರ್ಕ್ಲಿಯ ಒಂದು ಪುಸ್ತಕದಂಗಡಿಯಲ್ಲಿ, ಒಂದು ಶನಿವಾರ ಮಧ್ಯಾಹ್ನ, ಸಾಲಿನಲ್ಲಿ ನಿಂತ ಜನರಿಗೆ ‘ಆಗುವುದಿಲ್ಲ’ ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹುಬ್ಬಳ್ಳಿಯಲ್ಲಿ ದೇವರ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಕೆಲಸ ಕಲಿತವನಿಗೆ ಅದೇನು ಕಷ್ಟದ ಮಾತಲ್ಲ. ಅಲ್ಲಿ ‘ಆಗೂದಿಲ್ರಿ’ ಎಂದರೆ ವ್ಯಾಪಾರ ಶುರುವಾಯಿತು ಎಂದೇ ಅರ್ಥ. ಆದರೆ ಆ ದಿನ ಮೇಜಿನ ಹಿಂದೆ ಕೂತಿದ್ದವರ ಬಲಗೈ ಹೆಬ್ಬೆರಳು ಯಾವ ಗಳಿಗೆಯಲ್ಲಾದರೂ ಕೆಡುವ ಸ್ಥಿತಿಯಲ್ಲಿತ್ತು. ಅವರ ಮನೆಯ ಮೇಜಿನ ಮೇಲೆ ಎರಡು ಪುಟಗಳು ಶಾಯಿ ಕಾಣದೆ ಪೆನ್ಸಿಲ್ಲಿನಲ್ಲೇ ಉಳಿದಿದ್ದವು. ಮಂಗಳವಾರ ಬೆಳಿಗ್ಗೆ ಆಪರೇಷನ್ನು. ಆ ಎರಡು ಪುಟಕ್ಕೆ ಸಾಲುವಷ್ಟು ಹೆಬ್ಬೆರಳನ್ನು ಉಳಿಸಿ ಮನೆಗೆ ಕರೆತರುವುದು ನನ್ನ ಹೊಣೆ.

ಅವರು ಫ್ರಾನ್ಸಿನವರು, ಕಾಮಿಕ್ ಪುಸ್ತಕ ಬರೆಯುವವರು. ಕಾಮಿಕ್ ಎಂದಾಕ್ಷಣ ಮಕ್ಕಳ ತೆಳು ಪತ್ರಿಕೆ ನಿಮ್ಮ ಕಣ್ಣಿಗೆ ಬಂದರೆ ಅದನ್ನು ಪಕ್ಕಕ್ಕಿಡಿ. ಅವರ ದೇಶದಲ್ಲಿ ಅದು ಗಟ್ಟಿ ರಟ್ಟಿನ ದೊಡ್ಡ ಪುಸ್ತಕ. ವರ್ಷಕ್ಕೊಂದು ಬರುತ್ತದೆ, ಅಪ್ಪ ಓದಿ ಮಗಳಿಗೆ ಕೊಡುತ್ತಾನೆ, ಮಗಳು ಅಡಿಗೆಮನೆಯಲ್ಲಿ ಕೂತು ಅದಕ್ಕೆ ಸೂಪಿನ ಕಲೆ ಮಾಡುತ್ತಾಳೆ. ಅವರ ತಂದೆ ಕಾಲುವೆಯ ಬಾಗಿಲು ತೆರೆದು ಮುಚ್ಚಿ ದೋಣಿಗಳನ್ನು ದಾಟಿಸುವ ನೌಕರಿಯಲ್ಲಿದ್ದವರು. ಮಗ ಹದಿವಯಸ್ಸಿನಲ್ಲೇ ಪ್ಯಾರಿಸ್ಸಿಗೆ ಹೋಗಿ ಒಬ್ಬ ದೊಡ್ಡ ಕಲಾವಿದರ ಕೈಕೆಳಗೆ ಸೇರಿದರು. ಅಲ್ಲಿ ಮುಖಗಳನ್ನೆಲ್ಲ ಗುರು ಬರೆಯುವುದು. ಕಿಟಕಿ, ಗಾಡಿಯ ಚಕ್ರ, ಕುದುರೆಯ ಗೊರಸು ಇವರದು. ಹಲವು ವರ್ಷ ಗೊರಸು ತಿದ್ದಿದ ಮೇಲೆ ತಮ್ಮದೇ ಒಂದು ಕತೆ ಹಿಡಿದರು: ಕಾಲುವೆಗಳಲ್ಲಿ ಸರಕುದೋಣಿ ನಡೆಸುವ ಒಬ್ಬ ವಿಧವೆ, ತಲೆಗೆ ದೊಡ್ಡ ಟೋಪಿ, ಬಾಯಲ್ಲಿ ಪೈಪು, ಜೊತೆಗೊಂದು ನಾಯಿ. ಊರೂರಿಗೆ ಹೋಗುತ್ತಾಳೆ, ಜಗಳ ಬಿಡಿಸುತ್ತಾಳೆ, ಜಗಳ ಹಚ್ಚುತ್ತಾಳೆ. ಅಷ್ಟೇ ಕತೆ. ಅದರ ಮೇಲೆ ಅವರ ಬದುಕು ನಿಂತಿತು. ಹೆಂಡತಿಗೆ ಇಲ್ಲಿನ ಲ್ಯಾಬಿನಲ್ಲಿ ಕೆಲಸ ಸಿಕ್ಕಿದಾಗ ನಿಬ್ಬು, ಶಾಯಿ, ಕಾಗದ ಕಟ್ಟಿಕೊಂಡು ಹಿಂದೆ ಬಂದರು. ಇಲ್ಲಿ ಅವರು ಯಾರೆಂದು ಪಕ್ಕದ ಮನೆಯವರಿಗೂ ಗೊತ್ತಿಲ್ಲ.

ನನ್ನ ಅಂಗಡಿ ಲಿವರ್‌ಮೋರಿನಲ್ಲಿ. ಗುಡ್ಡದ ಮೇಲಿನ ದೇವಸ್ಥಾನಕ್ಕೆ ಬರುವ ನಮ್ಮ ಜನ ತಂಜಾವೂರು ಚಿತ್ರವನ್ನೋ ಮಗಳ ರಂಗಪ್ರವೇಶದ ಫೋಟೊವನ್ನೋ ತಂದು ಕೊಟ್ಟುಹೋಗುತ್ತಾರೆ. ಹೆಂಡತಿಯ ವೀಸಾದ ಬಾಲ ಹಿಡಿದು ಈ ದೇಶಕ್ಕೆ ಬಂದವನು ನಾನು. ಕೆಲಸ ಮಾಡಬಹುದೆಂಬ ಕಾಗದ ಕೈಗೆ ಬಂದ ಕೂಡಲೇ ಇದೇ ಅಂಗಡಿಯಲ್ಲಿ ಗಾಜು ಒರೆಸಲು ಸೇರಿದೆ. ಮುದುಕ ಮಾಲೀಕ ಬಿಟ್ಟುಹೋಗುವಾಗ ಅವನೊಂದಿಗೆ ವಾರಗಟ್ಟಲೆ ಜಗ್ಗಾಡಿ ಅಂಗಡಿಯನ್ನು ನನ್ನದು ಮಾಡಿಕೊಂಡೆ. ಯಾರೂ ಕೈಹಿಡಿದು ಮೇಲೆತ್ತಲಿಲ್ಲ. ಅದಕ್ಕೇ ಇರಬೇಕು, ಕೇಳದಿದ್ದವರಿಗೂ ಬುದ್ಧಿ ಹೇಳುವ ಚಟ ಅಂಟಿಕೊಂಡಿದೆ, ಸಹಿಸಿಕೊಳ್ಳಿ.

ಅವರು ಮೊದಲ ಸಲ ಬಂದಾಗ ಕೇಳಿದ್ದು ರಟ್ಟಿನ ಚೂರುಗಳನ್ನು. ಚಿತ್ರದ ಸುತ್ತ ಇಡುವ ದಪ್ಪ ರಟ್ಟನ್ನು ಕತ್ತರಿಸಿದಾಗ ಉಳಿಯುವ ಚೂರುಗಳ ಮೇಲೆ ನಿಬ್ಬಿನ ಗೆರೆ ಎಳೆದು ನೋಡುತ್ತಾರಂತೆ. ಕಸಕ್ಕೆ ಹೋಗುವ ಮಾಲು. ಆದರೂ ಯಾವ ಮಾಲನ್ನೂ ಕೇಳಿದ ತಕ್ಷಣ ಪುಕ್ಕಟೆ ಕೊಡಬಾರದು. “ಬದಲಿಗೆ ಒಂದು ಚಿತ್ರ ಬರೆದುಕೊಡಿ,” ಎಂದೆ. ಎಷ್ಟು ದೊಡ್ಡದು, ಯಾಕೆ ಎಂದು ಒಂದು ಮಾತಿಲ್ಲ. ಕೌಂಟರಿನ ಮೇಲೆ ಬಗ್ಗಿ ದೋಣಿ, ಹೆಂಗಸು, ನಾಯಿ ಎಲ್ಲವನ್ನೂ ಬರೆದು ನನ್ನತ್ತ ತಳ್ಳಿದರು. ಚೌಕಾಸಿ ಮಾಡದ ಮನುಷ್ಯನನ್ನು ಕಂಡರೆ ನನಗೆ ಭಯ.

“ಹೀಗೆ ಕೊಟ್ಟುಬಿಟ್ಟರೆ ನೀವು ಬದುಕೋದು ಹೇಗೆ?” ಎಂದು ಕೇಳಿದೆ.

“ಬದುಕಿದ್ದೀನಲ್ಲ, ಪತ್ರೋಂ,” ಎಂದರು.

ಪತ್ರೋಂ ಎಂದರೆ ಅವರ ಭಾಷೆಯಲ್ಲಿ ಅಂಗಡಿಯ ಯಜಮಾನ. ಅಂದಿನಿಂದ ನಾನು ಅವರಿಗೆ ಪತ್ರೋಂ, ಅವರು ನನಗೆ ಗುರುಗಳು. ಮುಗಿದ ಪುಟಗಳನ್ನು ಪ್ಯಾರಿಸ್ಸಿನ ಪ್ರಕಾಶಕರಿಗೆ ಕಳಿಸಲು ನನ್ನ ಅಂಗಡಿಯ ದೊಡ್ಡ ಸ್ಕ್ಯಾನರಿಗೇ ಬರತೊಡಗಿದರು. ಹಾಗೆ ಸ್ನೇಹವಾಯಿತು.

ಆ ವರ್ಷ ಅವರು ದೋಣಿಯ ಹೆಂಗಸಿನ ಕೊನೆಯ ಪುಸ್ತಕ ಬರೆಯುತ್ತಿದ್ದರು. ಇನ್ನು ಸಾಕು, ಅವಳನ್ನು ಸಮುದ್ರಕ್ಕೆ ಬಿಟ್ಟು ಮುಗಿಸುತ್ತೇನೆ ಎಂದಿದ್ದರು. ಅಷ್ಟರಲ್ಲಿ ಹೆಬ್ಬೆರಳಿನ ಬುಡದಲ್ಲಿ ನೋವು ಕಾಣಿಸಿಕೊಂಡಿತು. ಅದೇ ಹೊತ್ತಿಗೆ ಅವರ ಹೆಂಡತಿ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಫ್ರಾನ್ಸಿಗೆ ಹೋಗಬೇಕಾಯಿತು. ಹೋಗುವ ಮುಂಚೆ ಆಕೆ ಅಂಗಡಿಗೆ ಬಂದರು. “ನಿಮಗೆ ‘ಬೇಡ’ ಅನ್ನೋಕೆ ಬರುತ್ತೆ. ಇವರಿಗೆ ಬರಲ್ಲ. ಕೈ ನೋಡಿಕೊಳ್ಳಿ,” ಎಂದರು. ಹಾಗೆ ಅವರನ್ನು ಕೈಯ ಡಾಕ್ಟರ ಬಳಿಗೆ ಕರೆದೊಯ್ಯುವ ಕೆಲಸವೂ ನನಗೇ ಬಂತು.

ಡಾಕ್ಟರು ಮೈಸೂರಿನವರು, ನನ್ನ ಹಳೆಯ ಗಿರಾಕಿ. ಅವರು ಪೇಷಂಟಿಗೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಸಮಾಧಾನವಾಗಿ ವಿವರಿಸಿದರು. ಮೂಳೆಯ ಒಂದು ಮೊನೆ ಚೂಪಾಗಿ ಬೆಳೆದಿದೆ. ಹೆಬ್ಬೆರಳನ್ನು ಮಡಚುವ ಸ್ನಾಯುವಿನ ಹುರಿ ಅದಕ್ಕೆ ತಿಕ್ಕಿ ತಿಕ್ಕಿ ಎಳೆಯಷ್ಟಾಗಿದೆ. ಆಮೇಲೆ ಅವರ ಒಪ್ಪಿಗೆ ಕೇಳಿಕೊಂಡು ನನ್ನ ಕಡೆ ತಿರುಗಿದರು.

“ನೋಡಿ, ನಾನು ಸುತ್ತಿ ಬಳಸಿ ಹೇಳೋಳಲ್ಲ. ಬಾವಿ ಹಗ್ಗ ಕಲ್ಲಿಗೆ ಸವೆದ ಹಾಗೆ ಸವೆದಿದೆ. ಯಾವಾಗ ಬೇಕಾದ್ರೂ ಕಿತ್ತುಹೋಗ್ಬಹುದು. ನಿಮ್ಮ ಮಾತು ಕೇಳ್ತಾರಾ ಇವರು?”

“ಯಾರ ಮಾತೂ ಕೇಳಂಗಿಲ್ರಿ.”

“ಹಾಗಾದ್ರೆ ಕೇಳೋ ಹಾಗೆ ಹೇಳಿ. ದಿನಕ್ಕೆ ಸ್ವಲ್ಪ ಹೊತ್ತು, ಬ್ರೇಸು ಹಾಕ್ಕೊಂಡು, ನಿಧಾನವಾಗಿ ಆ ಉಳಿದ ಪುಟ ಮುಗಿಸಿಕೊಳ್ಳಲಿ. ಬೇರೆ ಏನೂ ಬೇಡ. ಟೊಮೆಟೊ ಹೆಚ್ಚೋದೂ ಬೇಡ.”

“ಆಪರೇಷನ್ ಆದಮ್ಯಾಲೆ?”

“ಕೈ ಕೆಲಸಕ್ಕೆ ಬರುತ್ತೆ. ಇಂಥಾ ಸಣ್ಣ ಗೆರೆ ಎಳೆಯುತ್ತಾ ಅಂದ್ರೆ, ನಾನು ಮಾತು ಕೊಡಲ್ಲ.”

ಪ್ರಕಾಶಕರಿಗೆ ಪುಟಗಳು ಸೇರಬೇಕಾದ ಗಡುವೂ ಅದೇ ಮಂಗಳವಾರ. ಎಲ್ಲ ಸೇರಿ ಲೆಕ್ಕ ಸರಿಯಾಗಿ ಕೂತಿತ್ತು, ನಡುವೆ ಈ ಶನಿವಾರವೊಂದು ಇಲ್ಲದಿದ್ದರೆ. ಪುಸ್ತಕದಂಗಡಿಯವರಿಗೆ ತಿಂಗಳುಗಳ ಹಿಂದೆಯೇ ಒಪ್ಪಿಕೊಂಡಿದ್ದರು. ನಮ್ಮಲ್ಲಿ ಲೇಖಕರು ಪುಸ್ತಕದ ಮೇಲೆ ಸಹಿ ಹಾಕಿ ಮುಗಿಸುತ್ತಾರೆ. ಫ್ರಾನ್ಸಿನ ಕಾಮಿಕ್ ಕಲಾವಿದರಲ್ಲಿ ರೂಢಿ ಬೇರೆ. ಪುಸ್ತಕ ಹಿಡಿದು ಸಾಲಿನಲ್ಲಿ ನಿಂತ ಪ್ರತಿಯೊಬ್ಬನಿಗೂ ಅವನ ಕಣ್ಣೆದುರೇ ಮೊದಲ ಹಾಳೆಯಲ್ಲಿ ಒಂದು ಚಿತ್ರ ಬರೆದು, ಅವನ ಹೆಸರು ಬರೆದು ಕೊಡಬೇಕು. ಪುಕ್ಕಟೆ. ಬರೆಯದೆ ಕಳಿಸುವುದೆಂದರೆ ಮನೆಗೆ ಬಂದವರನ್ನು ನೀರು ಕೊಡದೆ ಕಳಿಸಿದ ಹಾಗೆ.

“ಹುಷಾರಿಲ್ಲ ಅಂತ ಹೇಳಿ, ಮುಂದಕ್ಕೆ ಹಾಕಿಸ್ತೀನಿ,” ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ನಾನು ಹೊರಡುವಾಗ ನನ್ನ ಹೆಂಡತಿ ಬುತ್ತಿ ಕಟ್ಟುತ್ತಾ ಹೇಳಿದಳು: “ಅವರ ಕೈ ಅವರದು. ನೀವ್ಯಾಕ ನಡುವ ನಿಂದ್ರತೀರಿ? ನಿಮ್ಮ ವ್ಯಾಪಾರದ ಬುದ್ಧಿ ಅಲ್ಲಿ ನಡ್ಯಾಂಗಿಲ್ರೀ.”

“ನಡೀತೈತಿ ನೋಡು,” ಎಂದೆ.

ಫ್ರೀವೇ ಹತ್ತಿದ ಕೂಡಲೇ ಮಾತು ತೆಗೆದೆ. ಚೌಕಾಸಿಗೆ ಕಾರಿನಷ್ಟು ಒಳ್ಳೆಯ ಜಾಗ ಇಲ್ಲ. ಎದುರಿನವನು ಎದ್ದು ಹೋಗುವಂತಿಲ್ಲ.

“ಬರೀ ಸಹಿ, ಗುರುಗಳೇ.”

“ಇಡೀ ದೋಣಿ,” ಎಂದರು ಅವರು, ಕಿಟಕಿಯ ಹೊರಗೆ ನೋಡುತ್ತಾ.

“ದೋಣಿಯಲ್ಲಿ ಎಷ್ಟು ಗೆರೆ ಇದೆ, ಗೊತ್ತಲ್ಲ?”

“ನನಗೆ ಗೊತ್ತಿಲ್ಲದೆ ನಿನಗೆ ಗೊತ್ತಾ?”

“ಸರಿ, ದೋಣಿ ಬೇಡ, ನಾಯಿ.”

“ನಾಯಿಗೆ ಕೂದಲಿದೆ, ಪತ್ರೋಂ. ದೋಣಿಗಿಂತ ಹೆಚ್ಚು ಗೆರೆ.”

ನನಗೆ ಅದು ಹೊಳೆದಿರಲಿಲ್ಲ. ಅವರು ಹೆಂಗಸಿನ ಮುಖಕ್ಕೆ ಇಳಿದರು, ನಾನು ಪೈಪಿನ ಹೊಗೆಗೆ ಏರಿದೆ. ಕ್ಯಾಸ್ಟ್ರೊ ವ್ಯಾಲಿ ದಾಟುವ ಹೊತ್ತಿಗೆ ಒಪ್ಪಂದವಾಯಿತು: ಟೋಪಿ, ಅದರ ಕೆಳಗಿಂದ ಏಳುವ ಹೊಗೆ, ಬಂದವರ ಹೆಸರು. ಮುಖವಿಲ್ಲ. ಯಾರು ಕೇಳಿದರೂ ಇಲ್ಲ ಎನ್ನುವವನು ನಾನು. ಅವರು ತಲೆ ಎತ್ತುವಂತಿಲ್ಲ. ಮಾತು ಮುಗಿದ ಮೇಲೆ ಕೈ ಕುಲುಕಲು ನಾನು ಬಲಗೈ ಚಾಚಿದೆ. ಅವರು ಎಡಗೈ ಕೊಟ್ಟರು.

ಅಂಗಡಿಯಲ್ಲಿ ನಾನೆಣಿಸಿದ್ದಕ್ಕಿಂತ ಹೆಚ್ಚು ಜನ. ಸಾಲು ಮೇಜಿನಿಂದ ಹೊರಟು ಅಡಿಗೆ ಪುಸ್ತಕಗಳ ಕಪಾಟು ಬಳಸಿ ಬಾಗಿಲಿನವರೆಗೆ ಹೋಗಿತ್ತು. ಫ್ರೆಂಚ್ ಕಲಿಸುವ ಟೀಚರುಗಳು, ಸ್ಟ್ರಾಲರಿನಲ್ಲಿ ಮಗು ತಂದವರು, ಹೆಲ್ಮೆಟ್ಟು ಬಿಚ್ಚದೆ ನಿಂತ ಒಬ್ಬ ಸೈಕಲ್ಲಿನವನು. ಅಂಗಡಿಯ ಒಡತಿಗೆ ಸಂಭ್ರಮ. ಆಕೆಯನ್ನು ಪಕ್ಕಕ್ಕೆ ಕರೆದು, ಬಾಗಿಲಲ್ಲಿ ನಿಂತವರೇ ಕೊನೆ, ಇನ್ನು ಯಾರನ್ನೂ ಸೇರಿಸಬೇಡಿ ಎಂದೆ. ಆಕೆ ಮುಖ ಸಣ್ಣ ಮಾಡಿಕೊಂಡು ಒಪ್ಪಿದರು.

ನಾನು ಮೇಜಿನ ಬಲಗಡೆ, ಆ ಹೆಬ್ಬೆರಳು ಕಾಣುವಂತೆ ನಿಂತೆ. ಮಣಿಕಟ್ಟಿಗೆ ಬಿಗಿದ ಬ್ರೇಸಿನ ಪಟ್ಟಿಯ ಹೊರಗೆ ಅದರ ತುದಿ ಮಾತ್ರ ಕಾಣುತ್ತಿತ್ತು. ಟೋಪಿಯ ಅಂಚು ಒಂದೇ ಎಳೆತ. ಅಲ್ಲಿ ಬೆರಳು ನೆಟ್ಟಗಿರುತ್ತದೆ. ಹೊಗೆ ಸುರುಳಿಯಾಗುವಲ್ಲಿ ತುದಿ ಮಡಚುತ್ತದೆ. ಆ ಎರಡು ಪುಟದಿಂದ ಒಂದೊಂದು ಗೆರೆ ಕಿತ್ತು ಈ ಜನಕ್ಕೆ ಹಂಚುತ್ತಿದ್ದಾರೆ ಎಂದೇ ನನಗೆ ಕಾಣುತ್ತಿತ್ತು.

ನಡುವೆ ನನ್ನ ಹೆಂಡತಿಯ ಫೋನು ಬಂತು. ಎಲ್ಲ ಸುರಳೀತ ನಡೆದಿದೆ ಎಂದು ಹೇಳಿ ಇಡುವಷ್ಟರಲ್ಲಿ ಸಾಲಿನಲ್ಲಿದ್ದ ಒಬ್ಬ ತರುಣ ಮುಖ ಅರಳಿಸಿದ.

“ಅಂಕಲ್, ಕನ್ನಡದವರಾ? ಫೋನಲ್ಲಿ ಮಾತಾಡಿದ್ದು ಕೇಳಿಸ್ತು. ಹುಬ್ಳಿ ಕಡೇನಾ?”

“ಹೌದಪ್ಪ.”

“ನಾನು ಜಯನಗರ. ಕಾಲೇಜಲ್ಲಿ ಫ್ರೆಂಚ್ ತಗೊಂಡಿದ್ದೆ, ಈ ಬುಕ್ಕು ಓದೇ ಪಾಸಾಗಿದ್ದು. ಒಂದು ಫುಲ್ ದೋಣಿ ಹಾಕ್ಸಿಕೊಡಿ ಅಂಕಲ್. ರೆಡ್‌ವುಡ್ ಸಿಟಿಯಿಂದ ಬ್ರಿಜ್ ದಾಟಿ ಬಂದಿದೀನಿ.”

“ನಾನು ಲಿವರ್‌ಮೋರಿಂದ ಬಂದೀನಿ. ಟೋಪಿ ಸಿಗತೈತಿ.”

“ನಮ್ಮೋರು ಅಂತ ಸ್ವಲ್ಪಾನೂ ಕನ್ಸೆಶನ್ ಇಲ್ವಾ?”

“ನಮ್ಮವ ಅಂತನ ಟೋಪಿ. ಬ್ಯಾರೇದವರಾಗಿದ್ರ ಬರೇ ಸಹಿ.”

“ಒಟ್ನಲ್ಲಿ ಟೋಪಿ ಹಾಕಿ ಕಳಿಸ್ತೀರಾ ಅನ್ನಿ,” ಎಂದು ಅವನು ನಕ್ಕ. ಟೋಪಿ ಹಾಕಿಸಿಕೊಂಡು ಖುಷಿಯಾಗಿಯೇ ಹೋದ. ಒಂದು ಮಾತು ನೆನಪಿಡಿ: ‘ಇಲ್ಲ’ ಎನ್ನುವುದನ್ನು ಮೊದಲು ನಿಮ್ಮವರ ಮೇಲೆ ಪ್ರಯೋಗಿಸಿ. ಹಿಂದಿದ್ದವರು ಅದನ್ನು ನೋಡಿ ತಾವೇ ದನಿ ತಗ್ಗಿಸುತ್ತಾರೆ. ಆ ದಿನವೂ ಹಾಗೇ ಆಯಿತು. ಭಾಷೆ ತಿಳಿಯದಿದ್ದರೂ ನನ್ನ ಮುಖ ಎಲ್ಲರಿಗೂ ತಿಳಿಯಿತು.

ಸಾಲು ಅಡಿಗೆ ಪುಸ್ತಕಗಳ ಕಪಾಟಿನ ಈಚೆಗೆ ಬಂದಾಗ ಬೂದು ಜಾಕೆಟ್ಟಿನ ಒಬ್ಬಾತ ನನ್ನ ಕಣ್ಣಿಗೆ ಬಿದ್ದ. ಅವನ ಕೈಯಲ್ಲಿದ್ದದ್ದು ಒಂದೇ ಪುಸ್ತಕದ ಹಲವು ಪ್ರತಿ, ಪ್ಲಾಸ್ಟಿಕ್ಕಿನೊಳಗೆ, ಮೂಲೆ ಮಡಚದೆ, ಬೆರಳಿನ ಗುರುತಿಲ್ಲದೆ. ಓದುವವನ ಪುಸ್ತಕ ಹಾಗಿರುವುದಿಲ್ಲ. ಹತ್ತಿರ ಹೋಗಿ, ಒಂದು ಪ್ರತಿಗೆ ಮಾತ್ರ, ಯಾವ ಹೆಸರು ಬರೆಸಲಿ ಎಂದು ಕೇಳಿದೆ.

“ಹೆಸರು ಬೇಡ,” ಎಂದ. “ಬರೀ ಚಿತ್ರ.”

ಹೆಸರು ಬೇಡವೆನ್ನುವವನು ನಾಳೆ ಅದನ್ನು ಇಂಟರ್ನೆಟ್ಟಿನಲ್ಲಿ ಮಾರುತ್ತಾನೆ. ಇನ್ನೊಬ್ಬರ ಹೆಸರಿರುವ ಪುಸ್ತಕಕ್ಕೆ ಗಿರಾಕಿ ಕಡಿಮೆ, ಅದಕ್ಕೇ. ವ್ಯಾಪಾರಿಯನ್ನು ವ್ಯಾಪಾರಿ ಗುರುತಿಸದೆ ಇರುತ್ತಾನೆಯೇ?

“ಹೆಸರಿಲ್ಲದಿದ್ದರೆ ಚಿತ್ರವಿಲ್ಲ,” ಎಂದೆ.

“ನಾನೂ ಎಲ್ಲರ ಹಾಗೆ ಸಾಲಲ್ಲಿ ನಿಂತಿದೀನಿ.”

“ನಿಂತಿದ್ದು ಸಾಕು, ಇನ್ನು ಹೋಗು.”

ಅವನು ಹೆಚ್ಚು ವಾದಿಸಲಿಲ್ಲ. ಪುಸ್ತಕಗಳನ್ನು ಎದೆಗವಚಿಕೊಂಡು ಹೊರಟ. ನನಗೆ ನನ್ನ ಬಗ್ಗೆ ಹೆಮ್ಮೆಯೇ ಆಯಿತು, ಯಾಕೆ ಸುಳ್ಳು ಹೇಳಲಿ.

ಕೊನೆಯವಳು ಒಬ್ಬ ಮುದುಕಿ. ಟೋಪಿ, ಹೊಗೆ, ಹೆಸರು. ಆಕೆ ಹೋದಳು. ಹೆಬ್ಬೆರಳು ಇನ್ನೂ ಮಡಚುತ್ತಿತ್ತು. ಗುರುಗಳು ಬ್ರೇಸು ಸರಿಮಾಡಿಕೊಂಡರು. ನಾನು ಶಾಯಿ ಬಾಟಲಿಯ ಮುಚ್ಚಳ ತಿರುಗಿಸಿದೆ.

“ಆ ಬೂದು ಜಾಕೆಟ್ಟಿನವನು ಎಲ್ಲಿ?” ಎಂದರು ಅವರು.

“ಕಳಿಸಿದೆ.”

“ಯಾಕೆ?”

“ಅವನು ವ್ಯಾಪಾರಿ. ಮಾರೋಕೆ ಬಂದವನು.”

“ನೀನೂ ವ್ಯಾಪಾರಿಯೇ.”

“ಗುರುಗಳೇ, ಎರಡು ಪುಟ ಇದೆ. ಮನೆಗೆ ಹೋಗೋಣ.”

ಅವರು ಎದ್ದರು. ಮನೆಗೆ ಹೊರಟರು ಎಂದುಕೊಂಡು ನಾನು ಚೀಲ ತೆಗೆದುಕೊಂಡೆ. ಅವರು ನೇರ ಬಾಗಿಲಿಗೆ ಹೋಗಿ, ಫುಟ್‌ಪಾತಿನಲ್ಲಿ ಆಚೀಚೆ ನೋಡಿ, ಪಾರ್ಕಿಂಗ್ ಮೀಟರಿನ ಬಳಿ ನಿಂತಿದ್ದ ಅವನನ್ನು ಕೈಬೀಸಿ ಕರೆದರು. ಅವನನ್ನು ಮುಂದಿಟ್ಟುಕೊಂಡೇ ವಾಪಸು ಬಂದರು. ನಾನು ಅಡ್ಡ ನಿಂತೆ.

“ಒಪ್ಪಂದ ಆಗಿದೆ. ನೀವು ಕೈ ಕುಲುಕಿದ್ದೀರಿ.”

“ಎಷ್ಟು ಬರೆಯಬೇಕು ಅನ್ನೋದಕ್ಕೆ ಒಪ್ಪಂದ. ಯಾರಿಗೆ ಅನ್ನೋದಕ್ಕೆ ಅಲ್ಲ,” ಎಂದರು. ಅವರ ದನಿ ನನ್ನ ಮೇಲೆ ಹಾಗೆ ಏರಿದ್ದು ಅದೇ ಮೊದಲು. “ನನ್ನ ಸಾಲಿನಲ್ಲಿ ನಿಂತವರನ್ನು ಯಾರೂ ತೂಗಿ ನೋಡೋದಿಲ್ಲ. ಸಾಲು ಅಂದರೆ ಸಾಲು. ಈಗ ಇವನಿಗೆ ನನ್ನಿಂದ ಒಂದು ಕ್ಷಮೆ ಬಾಕಿ ಇದೆ, ಅದು ಟೋಪಿಯಲ್ಲಿ ಮುಗಿಯಲ್ಲ.”

ಕೂತರು. ಮುಚ್ಚಳ ತೆಗೆದರು. ಇಡೀ ದೋಣಿ ಶುರುವಾಯಿತು.

ಪೆನ್ನು ಕಿತ್ತುಕೊಳ್ಳಬಹುದಿತ್ತು. ನನ್ನ ಕೈ ಮುಂದೆ ಹೋಗಿಯೂ ಇತ್ತು. ಆದರೆ ಎಳೆದಾಟದಲ್ಲೇ ಆ ಹುರಿ ಕಿತ್ತುಹೋದರೆ? ಮೇಜಿನ ಅಂಚು ಹಿಡಿದು ನಿಂತೆ.

ಆ ಮಧ್ಯಾಹ್ನದ ಅತ್ಯುತ್ತಮ ಚಿತ್ರ ಅದು. ಹಲಗೆಗಳ ಜೋಡಣೆ, ಹಗ್ಗದ ಸುರುಳಿ, ಚುಕ್ಕಾಣಿಗೆ ಒರಗಿದ ಹೆಂಗಸು, ಅವಳ ಕಾಲ ಬಳಿ ಕೂದಲು ಕೂದಲಾಗಿ ಆ ನಾಯಿ. ಬೂದು ಜಾಕೆಟ್ಟಿನವನೂ ಮೇಜಿನ ಮೇಲೆ ಬಗ್ಗಿ ನೋಡುತ್ತಿದ್ದ. ನೀರನ್ನು ಅವರು ಯಾವಾಗಲೂ ಕೊನೆಗೆ ಬರೆಯುವುದು. ನೀರಿಗೆಂದು ನಿಬ್ಬು ಅದ್ದಿ ತಂದರು, ಕಾಗದಕ್ಕೆ ಮುಟ್ಟಿಸಿದರು. ಪೆನ್ನು ಅವರ ಕೈಯಿಂದ ಜಾರಿ ಮಲಗಿತು.

ಸದ್ದಿಲ್ಲ, ಚೀರಾಟವಿಲ್ಲ. ಅವರು ಅದನ್ನು ಎತ್ತಲು ಹೋದರು. ತೋರುಬೆರಳು ಬಂತು, ಮಧ್ಯದ ಬೆರಳು ಬಂತು, ಹೆಬ್ಬೆರಳಿನ ತುದಿ ಬರಲಿಲ್ಲ. ಇನ್ನೊಮ್ಮೆ ನೋಡಿದರು. ಆಮೇಲೆ ಪುಸ್ತಕವನ್ನು ಎಡಗೈಯಿಂದ ಅವನ ಕಡೆ ತಿರುಗಿಸಿ, “ನೀರಿಲ್ಲ, ಕ್ಷಮಿಸಿ,” ಎಂದರು. ಏನು ನಡೆಯಿತೆಂದು ತಿಳಿಯದ ಅವನು ಶಾಯಿಗೆ ಊದಿ, ಥ್ಯಾಂಕ್ಸ್ ಹೇಳಿ ಹೋದ.

ಇವತ್ತಿಗೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಅಂಥವನಿಗೆ ಅಂಥ ಚಿತ್ರ ಕೊಡಬಾರದಿತ್ತು.

ಕಾರಿನಲ್ಲಿ ಡಾಕ್ಟರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ.

“ನೋವಿದೆಯಾ ಕೇಳಿ,” ಎಂದರು.

“ಇಲ್ಲಂತ.”

“ತುದಿ ಮಡಚುತ್ತಾ?”

“ಇಲ್ರಿ.”

“ಹೋಯ್ತು ಬಿಡಿ. ಮಂಗಳವಾರ ಹೇಗಿದ್ರೂ ಆಪರೇಷನ್ ಮಾಡ್ತೀವಲ್ಲ, ಆಗ ಬೇರೆ ಕಡೆಯಿಂದ ಒಂದು ಹುರಿ ತಂದು ಜೋಡಿಸಬೇಕಾಗುತ್ತೆ.”

“ಆ ಎರಡು ಪುಟ ಏನ್ ಮಾಡೂಣ್ರಿ?”

“ನೀವೇ ಯೋಚನೆ ಮಾಡಿ. ಈಗ ಕಿತ್ತುಹೋಗೋಕೆ ಅಲ್ಲಿ ಏನೂ ಉಳಿದಿಲ್ಲ. ಹೆಬ್ಬೆರಳು ಅಲ್ಲಾಡದ ಹಾಗೆ ಕಟ್ಟಿ. ಉಳಿದ ಬೆರಳಲ್ಲಿ ಏನ್ ಮಾಡ್ತಾರೋ ಮಾಡ್ಲಿ. ಮಂಗಳವಾರ ಖಾಲಿ ಹೊಟ್ಟೆಯಲ್ಲಿ ಕರ್ಕೊಂಡ್ಬನ್ನಿ.”

ಇದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಗುರುಗಳು ಬಹಳ ದಿನಗಳ ನಂತರ ಮನಸಾರೆ ನಕ್ಕರು. “ನೋಡಿದೆಯಾ, ಇನ್ನು ನೀನು ಈ ಹೆಬ್ಬೆರಳನ್ನು ಕಾಯೋ ಅಗತ್ಯವೇ ಇಲ್ಲ,” ಎಂದರು. ನನಗೆ ನಗು ಬರಲಿಲ್ಲ.

ಭಾನುವಾರ ಅಂಗಡಿಯ ಬಾಗಿಲು ಹಾಕಿ, ಹಿಂದಿನ ದೊಡ್ಡ ಮೇಜಿನ ಮೇಲೆ ಅವರಿಗೆ ಜಾಗ ಮಾಡಿಕೊಟ್ಟೆ. ಪೆನ್ನಿನ ಹಿಡಿಗೆ ಸ್ಪಂಜು ಸುತ್ತಿ ದಪ್ಪ ಮಾಡಿ, ತೋರುಬೆರಳು ಮತ್ತು ಮಧ್ಯದ ಬೆರಳಿನ ನಡುವೆ ಸಿಕ್ಕಿಸಿ ಟೇಪು ಹಾಕಿದೆ. ಅವರು ರಟ್ಟಿನ ಚೂರುಗಳ ಮೇಲೆ ಗೆರೆ ಎಳೆದು ನೋಡಿದರು. ಮೊದಲಿನವು ನೋಡುವ ಹಾಗಿರಲಿಲ್ಲ. ಕೈ ತಿರುಗುತ್ತಿರಲಿಲ್ಲ, ಹಾಗಾಗಿ ಕಾಗದವನ್ನೇ ತಿರುಗಿಸಬೇಕಾಯಿತು. ಊಟದ ಹೊತ್ತಿನವರೆಗೂ ಚೂರುಗಳೇ ಆದವು. ಆಮೇಲೆ ಮೊದಲ ಪುಟ ಎಳೆದುಕೊಂಡರು.

ಸಂಜೆ ಅದನ್ನು ಸ್ಕ್ಯಾನ್ ಮಾಡಿ ಕಳಿಸಿದೆ. ಮೂವತ್ತು ವರ್ಷ ಕೂದಲಷ್ಟು ಸಣ್ಣಗೆ, ನೆಟ್ಟಗೆ ಹರಿದ ಗೆರೆ ಆ ಪುಟದಲ್ಲಿ ದಪ್ಪವಾಗಿ, ಅಲ್ಲಲ್ಲಿ ಒಡೆದು ಹೋಗಿತ್ತು. ದೋಣಿ ಕಾಲುವೆಯ ಕೊನೆಯ ಬಾಗಿಲು ದಾಟಿ ಸಮುದ್ರಕ್ಕೆ ಬರುವ ಪುಟ ಅದು.

“ಸಮುದ್ರ ಅಲ್ಲವೇ, ಗೆರೆ ನಡುಗಿದರೆ ಒಪ್ಪುತ್ತೆ,” ಎಂದೆ, ಸಮಾಧಾನಕ್ಕೆ.

“ನನಗೇ ಮಾಲು ಮಾರಬೇಡ, ಪತ್ರೋಂ. ಸಮುದ್ರ ಹೀಗಿರೋದಿಲ್ಲ. ಇದು ನನ್ನ ಕೈ.”

ಸೋಮವಾರ ಬೆಳಿಗ್ಗೆ ಪ್ಯಾರಿಸ್ಸಿನಿಂದ ಸಂಪಾದಕಿಯ ಫೋನು ಬಂತು. ಇಬ್ಬರೂ ಫ್ರೆಂಚಿನಲ್ಲಿ ಮಾತಾಡಿದರು. ಇವರ ಉತ್ತರಗಳು ಗಿಡ್ಡವಾಗುತ್ತಾ ಹೋದವು. ಫೋನಿಗೆ ಅಂಗೈ ಮುಚ್ಚಿ ನನಗೆ ಹೇಳಿದರು: “ಪೆನ್ಸಿಲ್ ಪುಟ ಕಳಿಸಿ ಅಂತಾರೆ. ಅಲ್ಲಿ ಒಬ್ಬಳಿದ್ದಾಳಂತೆ, ನನ್ನ ಗೆರೆ ಅವಳಿಗೆ ಬಾಯಿಪಾಠ. ಎರಡೂ ಪುಟಕ್ಕೆ ಶಾಯಿ ಹಾಕಿಬಿಡ್ತಾಳೆ, ಯಾರಿಗೂ ಗೊತ್ತಾಗಲ್ಲ ಅಂತಾರೆ. ನೀನು ಏನಂತೀಯ?”

ನಾನು ವ್ಯವಹಾರಸ್ಥ. ಚೌಕಟ್ಟಿನ ಮೂಲೆ ಸರಿಯಾಗಿ ಕೂಡದಿದ್ದರೆ ಬಿಚ್ಚಿ ಇನ್ನೊಬ್ಬನ ಕೈಯಲ್ಲಾದರೂ ಮಾಡಿಸುತ್ತೇನೆಯೇ ಹೊರತು ಹಾಗೇ ಕೊಡುವುದಿಲ್ಲ. “ಅವಳಿಗೆ ಕೊಡಿ,” ಎಂದೆ.

“ಕೊಡಲ್ಲ.”

“ಮತ್ತೆ ನನ್ನನ್ನು ಯಾಕೆ ಕೇಳಿದಿರಿ?”

“ನಿನಗೂ ನನ್ನ ಹಾಗೇ ಅನಿಸುತ್ತಾ ನೋಡೋಣ ಅಂತ. ಈಗ ನೀನೇ ಅವರ ಹತ್ತಿರ ಮಾತಾಡು. ನನಗೆ ‘ಇಲ್ಲ’ ಅನ್ನೋಕೆ ಬರಲ್ಲ.”

ನನಗೇ ನಂಬಿಕೆಯಿಲ್ಲದ ಸರಕಿನ ಪರವಾಗಿ ಮಾತಾಡುವುದು ನನಗೆ ಹೊಸದೇನಲ್ಲ. ಫೋನು ತೆಗೆದುಕೊಂಡೆ. ಇಂಥ ಹೊತ್ತಿನಲ್ಲಿ ಬೆದರಿಕೆ ಹಾಕಬೇಡಿ, ಬೇಡಿಕೊಳ್ಳಲೂ ಬೇಡಿ. ಒಂದು ಪ್ರಶ್ನೆ ಕೇಳಿ ಬಾಯಿ ಮುಚ್ಚಿ.

“ಎರಡು ಪುಟ ಬೇರೆಯವರು ಮಾಡಿದರೆ ಮುಖಪುಟದ ಮೇಲೆ ಅವರ ಹೆಸರೂ ಹಾಕ್ತೀರಾ?” ಎಂದು ಕೇಳಿದೆ.

“ಅದರ ಅಗತ್ಯವಿಲ್ಲ,” ಎಂದರು ಆಕೆ, ಒಳ್ಳೆಯ ಇಂಗ್ಲಿಷಿನಲ್ಲಿ.

“ಅಂದರೆ ಇವರ ಹೆಸರಿನ ಕೆಳಗೆ ಇವರದಲ್ಲದ ಗೆರೆ ಇರುತ್ತೆ. ಮುಂದೆ ಓದುಗರು ಸಾಲಿನಲ್ಲಿ ನಿಂತು ಕೇಳಿದರೆ ಇವರು ಏನು ಹೇಳಬೇಕು?”

ಆ ಕಡೆಯಿಂದ ಮಾತಿಲ್ಲ. ನಾನೂ ಆಡಲಿಲ್ಲ. ಇಂಥ ಮೌನದಲ್ಲಿ ಮೊದಲು ಬಾಯಿ ಬಿಟ್ಟವನು ಸೋಲುತ್ತಾನೆ. ಗುರುಗಳು ನನ್ನನ್ನೇ ನೋಡುತ್ತಿದ್ದರು, ಟೇಪು ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು. ಆಕೆ ಫೋನು ಇಟ್ಟೇಬಿಟ್ಟರೋ ಎಂದು ನನಗೂ ಅನುಮಾನ ಬಂತು. ಇಟ್ಟಿದ್ದರೆ ಆಪರೇಷನ್ನಿನ ಮುಂಚೆ ಇನ್ನೊಂದು ಮಾತಿಗೆ ಸಮಯವಿರಲಿಲ್ಲ.

“ಎರಡನೆಯ ಪುಟ,” ಎಂದರು ಆಕೆ ಕೊನೆಗೆ, “ನಾಳೆ ನಾವು ಆಫೀಸು ತೆರೆಯುವ ಹೊತ್ತಿಗೆ ಇಲ್ಲಿರಬೇಕು. ಇಲ್ಲದಿದ್ದರೆ ಆ ಹುಡುಗಿಯೇ ಮಾಡುತ್ತಾಳೆ.”

ಅಲ್ಲಿ ಬೆಳಿಗ್ಗೆ ಎಂದರೆ ಇಲ್ಲಿ ಸೋಮವಾರದ ರಾತ್ರಿ. ಗುರುಗಳು ಆಗಲೇ ಮೇಜಿಗೆ ಹೋಗಿ ಕೂತಿದ್ದರು.

ಆ ಕೈ ಮುಂದೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ; ಓದುಗರನ್ನು ಕಾಯಿಸುವುದು ನನಗೆ ಆಗದು. ಡಾಕ್ಟರು ಚೆನ್ನಾಗಿಯೇ ಜೋಡಿಸಿದರು. ಈಗ ಅದು ಕಾಫಿ ಕಪ್ಪು ಹಿಡಿಯುತ್ತದೆ, ಶರ್ಟಿನ ಗುಂಡಿ ಹಾಕುತ್ತದೆ, ಟೊಮೆಟೊ ಹೆಚ್ಚುತ್ತದೆ. ಸಣ್ಣ ನಿಬ್ಬನ್ನು ಹಿಡಿಯುವುದಿಲ್ಲ. ಹಾಗಾಗಿ ಆ ಸೋಮವಾರ ನಾನು ನೋಡಿದ್ದು ಅವರ ಕೊನೆಯ ಪುಟವನ್ನೇ.

ಮಧ್ಯಾಹ್ನ ಒಬ್ಬಿಬ್ಬರು ಗಿರಾಕಿಗಳು ಬಾಗಿಲು ಬಡಿದರು, ನಾನು ತೆರೆಯಲಿಲ್ಲ. ಹೆಂಗಸು, ನಾಯಿ, ದೋಣಿ ಎಲ್ಲ ಒಂದೊಂದಾಗಿ ಪೆನ್ಸಿಲ್ಲಿನ ಮೇಲೆ ಕಪ್ಪಾಗಿ ಎದ್ದವು. ಬಿಸಿಲು ಬೀದಿಯ ಆ ಬದಿಯ ಗೋಡೆ ಹತ್ತುವ ಹೊತ್ತಿಗೆ ಕೊನೆಯ ಚಿತ್ರದ ಚೌಕ ಒಂದೇ ಉಳಿಯಿತು, ಪುಟದ ಅಡ್ಡಕ್ಕೂ ಚಾಚಿದ್ದು. ಅದರಲ್ಲಿ ದೋಣಿ ಚುಕ್ಕೆಯಷ್ಟು. ಉಳಿದದ್ದೆಲ್ಲ ನೀರು. ಅದಕ್ಕೆ ಉದ್ದುದ್ದ ಗೆರೆಗಳು ಬೇಕು, ನಡುವೆ ನಿಲ್ಲಿಸದೆ. ಅವರ ಬಲಗೈ ದಣಿದು ತೂಗಾಡುತ್ತಿತ್ತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡರು. ಹಾಗೆ ಹಿಡಿದಾಗ ಕಾಗದ ಒತ್ತಿಹಿಡಿಯಲು ಕೈಯಿಲ್ಲದೆ ಅದು ಗೆರೆಯ ಜೊತೆ ಸರಿಯತೊಡಗಿತು.

“ಪತ್ರೋಂ, ಆ ಮೂಲೆ ಹಿಡಿ.”

ಹಿಡಿದೆ. ಎರಡು ಕೈಯಿಂದಲೂ.

“ಸಲಹೆ ಏನಾದರೂ ಇದೆಯಾ?” ಎಂದರು, ನಿಬ್ಬು ಅದ್ದುತ್ತಾ.

ಇಲ್ಲವೆಂದೆ. ಅವರು ಮೇಲಿನ ಗೆರೆಯಿಂದ ಶುರುಮಾಡಿದರು. ಒಂದೊಂದೂ ಎಡದಿಂದ ಹೊರಟು, ನಡುಗಿ, ದಪ್ಪವಾಗಿ, ಮತ್ತೆ ತೆಳುವಾಗಿ ನನ್ನ ಬೆರಳುಗಳ ಕಡೆಗೆ ಬರುತ್ತಿತ್ತು. ಎಲ್ಲಕ್ಕಿಂತ ಕೆಳಗಿನ ಗೆರೆ ಅಂಚು ಮುಟ್ಟುವವರೆಗೆ ನಾನು ಕಾಗದ ಬಿಡಲಿಲ್ಲ.